ಹಳದಿ ಶಂಖ, ನೀಲಿ ಬಿಳುಪು

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಮಾತನ್ನು ನಾವು ಸಾಮಾನ್ಯವಾಗಿ ಬೇರೆಯವರನ್ನು ಹಳಿಯಲು ಬಳಸುತ್ತೇವೆ. ಭಾರತೀಯ ತತ್ತ್ವಶಾಸ್ತ್ರದ ಚರ್ಚೆಗಳಲ್ಲಿ ಇದೇ ಕಾಮಾಲೆ ಒಂದು ಗಂಭೀರ ಸಮಸ್ಯೆಯಾಗಿ ಬರುತ್ತದೆ. ಹಗ್ಗವನ್ನು ಹಾವೆಂದು ಕಂಡವನು ದೀಪ ತಂದು ನೋಡಿದರೆ ಹಾವು ಇಲ್ಲವಾಗುತ್ತದೆ. ಆದರೆ ಕಾಮಾಲೆಯಾದವನಿಗೆ ಶಂಖ ಬೆಳ್ಳಗಿರುತ್ತದೆ ಎಂದು ಎಷ್ಟು ಚೆನ್ನಾಗಿ ಗೊತ್ತಿದ್ದರೂ ಅದು ಹಳದಿಯಾಗಿಯೇ ಕಾಣುತ್ತಿರುತ್ತದೆ. ತಿಳಿವಳಿಕೆ ತಿದ್ದುಪಡಿಯಾದರೂ ಕಾಣುವುದು ತಿದ್ದುಪಡಿಯಾಗುವುದಿಲ್ಲ. ಹಾಗಿರುವಾಗ ತಾನು ಕಾಣುತ್ತಿರುವುದು ಸರಿಯೋ ತಪ್ಪೋ ಎಂದು ಅವನು ಯಾವುದರಿಂದ ತೀರ್ಮಾನಿಸಬೇಕು? ಜ್ಞಾನ ತನ್ನ ಪ್ರಾಮಾಣ್ಯವನ್ನು ತಾನೇ ಹೊತ್ತು ತರುತ್ತದೆ, ಬಾಧಕ ಬರುವವರೆಗೆ ಅದನ್ನು ನಂಬಬೇಕು ಎನ್ನುವುದು ಮೀಮಾಂಸಕರ ಮತ್ತು ವೇದಾಂತಿಗಳ ನಿಲುವು. ಇಲ್ಲ, ಪ್ರಾಮಾಣ್ಯವನ್ನು ಹೊರಗಿನ ಇನ್ನೊಂದರಿಂದ ಖಚಿತಪಡಿಸಿಕೊಳ್ಳಬೇಕು ಎನ್ನುವುದು ನೈಯಾಯಿಕರ ವಾದ.

ಸ್ವತಃ ಪ್ರಾಮಾಣ್ಯವೋ ಪರತಃ ಪ್ರಾಮಾಣ್ಯವೋ ಎಂಬ ಈ ಹಳೆಯ ಜಗಳ ಇಂದಿನ ಒಂದು ನಡುಮನೆಗೂ ಬಂದು ಕೂರಬಲ್ಲದು ಎಂದು ನನಗೆ ಅನ್ನಿಸಿದ್ದು ಟಿ.ವಿ. ಕ್ಯಾಲಿಬ್ರೇಶನ್ ಎಂಬ ಕೆಲಸವನ್ನು ನೋಡಿದಾಗ. ಹೊಸ ಟಿ.ವಿ. ಕೊಂಡವರು ಸಾವಿರಾರು ರೂಪಾಯಿ ಕೊಟ್ಟು ಒಬ್ಬ ತಜ್ಞನನ್ನು ಕರೆಸಿ ಅದರ ಬಣ್ಣ, ಬೆಳಕುಗಳನ್ನು ಅಳತೆಗೆ ತರಿಸುತ್ತಾರೆ. ಸಂಗೀತದವರು ತಂಬೂರಿಯನ್ನು ಶ್ರುತಿ ಮಾಡುವ ಹಾಗೆ. ನಮ್ಮಲ್ಲಿ ಇದು ಇನ್ನೂ ಕೆಲವೇ ಜನರ ಹವ್ಯಾಸ. ಆದರೆ ಇದು ಎತ್ತುವ ಪ್ರಶ್ನೆ ಕೆಲವರದ್ದಲ್ಲ.

ಕೆಲಸದ ಕ್ರಮ ಹೀಗೆ. ಟಿ.ವಿ.ಯನ್ನು ಅರ್ಧ ಗಂಟೆಯಾದರೂ ಉರಿಯಲು ಬಿಟ್ಟು, ಪರದೆಯ ಮೇಲೆ ಬೆಳಕನ್ನು ಅಳೆಯುವ ಒಂದು ಪುಟ್ಟ ಉಪಕರಣವನ್ನು ಇಳಿಬಿಡುತ್ತಾರೆ. ಅದಕ್ಕೆ ಕಲರಿಮೀಟರ್ ಎಂದು ಹೆಸರು. ಕಡುಗಪ್ಪಿನಿಂದ ಅಚ್ಚ ಬಿಳಿಯವರೆಗೆ ಬೂದುಬಣ್ಣದ ಮೆಟ್ಟಿಲುಗಳನ್ನು ಒಂದೊಂದಾಗಿ ತೋರಿಸಿ, ಪ್ರತಿ ಮೆಟ್ಟಿಲಿನಲ್ಲೂ ಕೆಂಪು, ಹಸಿರು, ನೀಲಿ ಬೆಳಕುಗಳು ಎಷ್ಟೆಷ್ಟಿವೆ ಎಂದು ಲ್ಯಾಪ್‌ಟಾಪಿನಲ್ಲಿ ನೋಡುತ್ತಾರೆ. ಒಂದು ಹೆಚ್ಚಾಗಿದ್ದರೆ ತಗ್ಗಿಸುತ್ತಾರೆ. ಬೂದಿಗೆ ಯಾವ ಬಣ್ಣದ ಸೋಂಕೂ ಇರಬಾರದು. ಆಮೇಲೆ ಉಳಿದ ಬಣ್ಣಗಳ ಸರದಿ. ಅಳೆದ ಬಣ್ಣಕ್ಕೂ ಇರಬೇಕಾದ ಬಣ್ಣಕ್ಕೂ ನಡುವಿನ ಅಂತರವನ್ನು ಡೆಲ್ಟಾ-ಇ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಅದು 3ಕ್ಕಿಂತ ಕೆಳಗಿಳಿದರೆ ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ ಎಂಬುದು ಈ ಕಸುಬಿನವರ ಲೆಕ್ಕ.

ಇಷ್ಟೆಲ್ಲ ಬೇಕಾಗುವುದಕ್ಕೆ ಕಾರಣ ಅಂಗಡಿ. ಟ್ಯೂಬ್‌ಲೈಟುಗಳ ಪ್ರಖರ ಬೆಳಕಿನಲ್ಲಿ ಸಾಲಾಗಿ ನಿಂತ ಇಪ್ಪತ್ತು ಟಿ.ವಿ.ಗಳ ನಡುವೆ ಒಂದು ಟಿ.ವಿ. ಗಿರಾಕಿಯ ಕಣ್ಣು ಸೆಳೆಯಬೇಕಾದರೆ ಅದು ಪಕ್ಕದ್ದಕ್ಕಿಂತ ಜೋರಾಗಿ ಹೊಳೆಯಬೇಕು. ವಿವಿಡ್, ಡೈನಾಮಿಕ್ ಎಂಬ ಹೆಸರಿನ ಮೋಡ್‌ಗಳು ಇರುವುದು ಇದಕ್ಕೆ. ಅಲ್ಲಿ ಕೆಂಪು ಇನ್ನಷ್ಟು ಕೆಂಪು, ಹುಲ್ಲು ಇನ್ನಷ್ಟು ಹಸಿರು. ಬಿಳಿ ಮಾತ್ರ ನೀಲಿಯತ್ತ ಜಾರಿರುತ್ತದೆ. ಇದರ ಗುಟ್ಟು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಬಿಳಿ ಪಂಚೆಯನ್ನು ಎಷ್ಟೇ ಒಗೆದರೂ ಮಾಸಲು ಹಳದಿ ಉಳಿಯುತ್ತದೆಂದು ಕೊನೆಯ ನೀರಿಗೆ ಒಂದಿಷ್ಟು ನೀಲಿ ಹಾಕುತ್ತಿದ್ದರು. ಬಟ್ಟೆ ಹೆಚ್ಚು ಬೆಳ್ಳಗಾಯಿತು ಎಂದು ಊರೆಲ್ಲ ಒಪ್ಪುತ್ತಿತ್ತು. ಟಿ.ವಿ. ಕಂಪನಿಗಳೂ ನೀರಿಗೆ ನೀಲಿ ಹಾಕಿಯೇ ಕಳಿಸುತ್ತವೆ. ಚಿತ್ರ ತಯಾರಾಗುವ ಸ್ಟುಡಿಯೋಗಳ ಬಿಳಿ ಡಿ65 ಎಂಬ ಮಾನಕ್ಕೆ, ಅಂದರೆ ಸುಮಾರು 6500 ಕೆಲ್ವಿನ್ನಿನ ಹಗಲಬೆಳಕಿಗೆ ಹೊಂದಿರುತ್ತದೆ. ಅಂಗಡಿಯ ಮೋಡ್ ಅದನ್ನು ದಾಟಿ ಬಹಳ ಮುಂದೆ, ನೀಲಿಯ ಕಡೆಗೆ ನಿಂತಿರುತ್ತದೆ.

ಮೈಸೂರಿನಲ್ಲಿರುವ ನನ್ನ ಸೋದರಮಾವ ಹೋದ ವರ್ಷ ದೊಡ್ಡ ಟಿ.ವಿ. ಕೊಂಡು, ಬೆಂಗಳೂರಿನಿಂದ ಒಬ್ಬರನ್ನು ಕರೆಸಿ ಈ ಕೆಲಸ ಮಾಡಿಸಿದ ದಿನ ನಾನೂ ಅಲ್ಲಿದ್ದೆ. ಮೂರು ಗಂಟೆಯ ಅಳತೆ ಮುಗಿದು ಚಿತ್ರ ಮೂಡಿದಾಗ ಅತ್ತೆ ಅಡುಗೆಮನೆಯಿಂದ ಬಂದು ನೋಡಿದರು.

“ಇದೇನ್ರೀ, ಎಲ್ಲರಿಗೂ ಅರಿಶಿನ ಬಳಿದು ಕೂರಿಸಿದ ಹಾಗಿದೆ!”

“ಹದಿನೈದು ದಿನ ಹೀಗೇ ನೋಡಿ ಮೇಡಂ,” ಎಂದರು ತಂತ್ರಜ್ಞರು. “ಆಮೇಲೂ ಬೇಡ ಅನ್ನಿಸಿದ್ರೆ ರಿಮೋಟಲ್ಲಿ ಹಳೇ ಮೋಡ್ ಹಾಕ್ಕೊಳ್ಳಿ. ನಾನು ಮಾಡಿದ್ದು ಎಲ್ಲೂ ಹೋಗಲ್ಲ.”

“ದುಡ್ಡು ಕೊಟ್ಟು ಬಣ್ಣ ತೆಗೆಸಿದ ಹಾಗಾಯ್ತು,” ಎಂದು ಅತ್ತೆ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದ್ದು ತಮಾಷೆಯ ಪ್ರಶ್ನೆಯಾಗಿರಲಿಲ್ಲ. “ನಮ್ಮನೆ ಟಿ.ವಿ. ನಮ್ಮ ಕಣ್ಣಿಗೆ ಹೇಗೆ ಚೆಂದವೋ ಹಾಗಿರಬೇಕು ತಾನೆ? ಎಲ್ಲೋ ಸ್ಟುಡಿಯೋದಲ್ಲಿ ಕೂತವನಿಗೆ ಹೇಗೆ ಕಾಣ್ತಿತ್ತು ಅನ್ನೋದು ಕಟ್ಕೊಂಡು ನನಗೇನಾಗಬೇಕು?”

ಈ ಪ್ರಶ್ನೆಗೆ ಸುಲಭವಾದ ಉತ್ತರವೊಂದಿದೆ: ಇದೇ ನಿಜವಾದ ಬಣ್ಣ, ಹಿಂದಿನದು ಸುಳ್ಳು. ಆದರೆ ಈ ಉತ್ತರ ನಿಲ್ಲುವುದಿಲ್ಲ. ಪರದೆಯ ಮೇಲಿನ ಮಾವಿನ ಎಲೆ ತೋಟದ ಮಾವಿನ ಎಲೆಯ ಹಾಗಿದೆಯೇ ಎಂದು ಕಲರಿಮೀಟರ್ ನೋಡುವುದೇ ಇಲ್ಲ. ಅದು ನೋಡುವುದು, ಚಿತ್ರ ಮಾಡಿದವರು ತಮ್ಮ ಸ್ಟುಡಿಯೋದ ಪರದೆಯಲ್ಲಿ ಕಂಡದ್ದಕ್ಕೆ ಇದು ಹೊಂದುತ್ತದೆಯೇ ಎಂಬುದನ್ನು. ಆ ಪರದೆ ಒಂದು ಒಪ್ಪಂದದಂತೆ ನಡೆಯುತ್ತದೆ. 1990ರಲ್ಲಿ ಮೊದಲು ರೂಪಿಸಿದ ಆರ್‌ಇಸಿ. 709 ಎಂಬ ಮಾನ ಎಚ್.ಡಿ. ಟಿ.ವಿ.ಯ ಕೆಂಪು, ಹಸಿರು, ನೀಲಿ, ಬಿಳಿ ಯಾವುದು ಎಂದು ಹೇಳುತ್ತದೆ. ಅದರ ಬುಡದಲ್ಲಿ ಇನ್ನೂ ಹಳೆಯ ಒಪ್ಪಂದವಿದೆ. ಬಣ್ಣವನ್ನು ಸಂಖ್ಯೆಯಲ್ಲಿ ಹೇಳುವ ಇಂದಿನ ಪದ್ಧತಿಯ ಬೇರು 1931ರಲ್ಲಿ ಅಂತರರಾಷ್ಟ್ರೀಯ ಬೆಳಕು ಆಯೋಗವು ಅಂಗೀಕರಿಸಿದ ‘ಪ್ರಮಾಣ ವೀಕ್ಷಕ’ ಎಂಬ ಕಲ್ಪನೆಯಲ್ಲಿದೆ. ಸರಾಸರಿ ಮನುಷ್ಯನ ಕಣ್ಣು ಬಣ್ಣಗಳನ್ನು ಹೇಗೆ ಹೊಂದಿಸುತ್ತದೆ ಎಂಬ ಕೋಷ್ಟಕ ಅದು. ಆ ಸರಾಸರಿಗೆ ಆಧಾರ ಇಂಗ್ಲೆಂಡಿನಲ್ಲಿ ನಡೆದ ಎರಡು ಪ್ರಯೋಗಗಳು. ಡೇವಿಡ್ ರೈಟ್ ಅವರದ್ದರಲ್ಲಿ 10 ಜನ, ಜಾನ್ ಗಿಲ್ಡ್ ಅವರದ್ದರಲ್ಲಿ 7 ಜನ. ಒಟ್ಟು ಹದಿನೇಳು ಜೊತೆ ಕಣ್ಣುಗಳು. ಜಗತ್ತಿನ ಟಿ.ವಿ., ಫೋನುಗಳ ಬಣ್ಣಲೆಕ್ಕಕ್ಕೆಲ್ಲ ಆ ಹದಿನೇಳು ಜನ ಮೂಲಪುರುಷರು.

ಹಾಗೆಂದ ಮಾತ್ರಕ್ಕೆ ಮಾನವೆಂಬುದು ಸುಳ್ಳಾಗುವುದಿಲ್ಲ. ಡೇವಿಡ್ ಹ್ಯೂಮ್ ರುಚಿಯ ಮಾನದಂಡದ ಬಗ್ಗೆ 1757ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬಣ್ಣದ ಉದಾಹರಣೆಯನ್ನೇ ಕೊಡುತ್ತಾನೆ. ಬಣ್ಣ ಇಂದ್ರಿಯಗಳ ಸೃಷ್ಟಿ ಎಂದು ಒಪ್ಪಿಕೊಂಡರೂ, ಹಗಲಿನಲ್ಲಿ ಆರೋಗ್ಯವಂತನ ಕಣ್ಣಿಗೆ ಕಾಣುವ ಬಣ್ಣವನ್ನು ನಾವು ವಸ್ತುವಿನ ನಿಜವಾದ ಬಣ್ಣ ಎಂದು ಕರೆಯುತ್ತೇವೆ ಎಂಬುದು ಅವನ ಮಾತಿನ ತಾತ್ಪರ್ಯ. ವಸ್ತುವಿನೊಳಗೆ ಅಡಗಿ ಕೂತ ಸತ್ಯವಿಲ್ಲದಿದ್ದರೂ, ನಾವು ಕೂಡಿ ಮಾತಾಡಲು ಸಾಕಾಗುವಷ್ಟು ಸತ್ಯವಿದೆ. ಶ್ರುತಿಯೂ ಹೀಗೇ. ಷಡ್ಜ ಇಂತಿಷ್ಟೇ ಎತ್ತರದಲ್ಲಿರಬೇಕೆಂದು ಕರ್ನಾಟಕ ಸಂಗೀತ ಹೇಳುವುದಿಲ್ಲ. ಹಾಡುವವರು ತಮ್ಮ ಶಾರೀರಕ್ಕೆ ಒಗ್ಗುವುದನ್ನು ಆರಿಸಿಕೊಳ್ಳುತ್ತಾರೆ. ಆದರೆ ಆರಿಸಿಕೊಂಡ ಮೇಲೆ ಪಿಟೀಲು, ಮೃದಂಗಗಳು ಅದಕ್ಕೆ ಸೇರಲೇಬೇಕು. ಆಯ್ಕೆ ಐಚ್ಛಿಕವಾಗಿತ್ತು ಎಂಬುದು ಅಪಶ್ರುತಿಗೆ ಸಮರ್ಥನೆಯಾಗುವುದಿಲ್ಲ.

ನಾನು ಗ್ರಂಥಸಂಪಾದನೆಯ ವಿದ್ಯಾರ್ಥಿ. ಓಲೆಗರಿ, ಕಾಗದದ ಹಸ್ತಪ್ರತಿಗಳ ಪಾಠಾಂತರಗಳನ್ನು ಹೋಲಿಸುತ್ತ ದಿನ ಕಳೆಯುವವನು. ಅತ್ತೆಯ ಪ್ರಶ್ನೆ ನನಗೆ ಪರಿಚಿತವೆನ್ನಿಸಿದ್ದು ಇದರಿಂದಲೇ. ಹಸ್ತಪ್ರತಿಗಳಲ್ಲಿ ಎರಡು ಬಗೆಯ ಲಿಪಿಕಾರರು ಕಾಣಿಸುತ್ತಾರೆ. ಒಬ್ಬ, ಅರ್ಥವಾಗದ ಹಳೆಯ ಪದ ಬಂದರೂ ಕಂಡಂತೆ ಬರೆದಿಡುತ್ತಾನೆ. ಇನ್ನೊಬ್ಬ, ಓದುಗರಿಗೆ ಹಿತವಾಗಲೆಂದು ಅದನ್ನು ತನ್ನ ಕಾಲದ ಚೆಂದದ ಪದಕ್ಕೆ ಬದಲಿಸುತ್ತಾನೆ. ಎರಡನೆಯವನು ದುಷ್ಟನಲ್ಲ, ಎಷ್ಟೋ ಸಲ ಮೊದಲನೆಯವನಿಗಿಂತ ಜಾಣ. ಆದರೆ ಸಂಪಾದಕನಿಗೆ ತಲೆನೋವು ತರುವವನು ಅವನೇ. ಎರಡು ಪಾಠಗಳಲ್ಲಿ ಒಂದು ಕಠಿಣ, ಒಂದು ಸಲೀಸು ಆಗಿದ್ದರೆ ಕಠಿಣವಾದುದೇ ಮೂಲದ್ದಿರಬಹುದು ಎಂದು ಯೋಚಿಸಲು ನಮಗೆ ಕಲಿಸುತ್ತಾರೆ. ಯಾಕೆಂದರೆ ಕೈ ಬದಲಾದಂತೆ ಪಾಠ ಸಲೀಸಾಗುತ್ತ ಹೋಗುವುದೇ ಸಾಮಾನ್ಯ. ಸಲೀಸಾದದ್ದನ್ನು ಯಾರೂ ಬೇಕೆಂದೇ ಕಠಿಣ ಮಾಡುವುದಿಲ್ಲ. ಅಂಗಡಿಯ ಮೋಡ್ ಈ ಎರಡನೆಯ ಲಿಪಿಕಾರ. ಚಿತ್ರದಲ್ಲಿ ಮಬ್ಬು ಇದ್ದರೆ ಬೆಳಗಿಸುತ್ತದೆ, ಒರಟು ಇದ್ದರೆ ನಯ ಮಾಡುತ್ತದೆ. ಸೆಕೆಂಡಿಗೆ 24 ಚಿತ್ರಗಳಂತೆ ತೆಗೆದ ಸಿನಿಮಾದ ನಡುನಡುವೆ ತಾನೇ ಊಹಿಸಿದ ಚಿತ್ರಗಳನ್ನು ಸೇರಿಸಿ ಚಲನೆಯನ್ನು ಜಾರುಬಂಡೆ ಮಾಡುತ್ತದೆ. ಇದರ ವಿರುದ್ಧ ನಿರ್ದೇಶಕರು ಎಷ್ಟು ಗೊಣಗಿದರೆಂದರೆ, 2019ರಲ್ಲಿ ಮಾರ್ಟಿನ್ ಸ್ಕಾರ್ಸೆಸೆ, ಕ್ರಿಸ್ಟೋಫರ್ ನೋಲನ್ ಮೊದಲಾದವರ ಬೆಂಬಲದೊಂದಿಗೆ ‘ಫಿಲ್ಮ್‌ಮೇಕರ್ ಮೋಡ್’ ಎಂಬ ಹೊಸ ಮೋಡ್ ಒಂದನ್ನೇ ಪ್ರಕಟಿಸಬೇಕಾಯಿತು. ಟಿ.ವಿ. ತನ್ನ ಪಾಂಡಿತ್ಯವನ್ನು ಬದಿಗಿಟ್ಟು ಕಂಡಂತೆ ನಕಲು ಮಾಡಲಿ ಎಂಬುದು ಅದರ ಸಾರಾಂಶ.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಕಣ್ಣು ಒಗ್ಗಿಕೊಳ್ಳುತ್ತದೆ. ಸಂಜೆ ಬಲ್ಬಿನ ಬೆಳಕಿನಲ್ಲೂ ಕಾಗದ ನಮಗೆ ಬಿಳಿಯಾಗಿಯೇ ಕಾಣುತ್ತದೆ, ಅಲ್ಲಿನ ಬೆಳಕು ಹಗಲಿಗಿಂತ ಎಷ್ಟೋ ಹಳದಿಯಾಗಿದ್ದರೂ. ನೀಲಿ ಬಿಳುಪಿಗೂ ಕಣ್ಣು ಹೀಗೇ ಒಗ್ಗುತ್ತದೆ. ಅತ್ತೆಗೆ ಸರಿಯಾದ ಬಿಳಿ ಹಳದಿಯಾಗಿ ಕಂಡದ್ದು ಅವರ ಕಣ್ಣು ನೀಲಿಗೆ ಒಗ್ಗಿದ್ದರಿಂದ. ಶಂಖದ ಕಥೆ ಇಲ್ಲಿ ತಿರುಗುಮುರುಗಾಗಿದೆ. ರೋಗವಿಲ್ಲದ ಕಣ್ಣಿಗೂ ಶಂಖ ಹಳದಿ. ಹೇಗಿದ್ದರೂ ಕಣ್ಣು ಒಗ್ಗುವುದಾದರೆ ಯಾವ ಬಿಳಿಯಾದರೇನು?

ಬಿಳಿಯ ವಿಷಯದಲ್ಲಿ ಈ ಆಕ್ಷೇಪವನ್ನು ಬಹುಮಟ್ಟಿಗೆ ಒಪ್ಪಬೇಕು. ಆದರೆ ಟಿ.ವಿ.ಯ ತಪ್ಪುಗಳಲ್ಲಿ ಎರಡು ಜಾತಿ ಇವೆ. ಒಂದು ವಾಲುವುದು, ಇನ್ನೊಂದು ಅಳಿಸುವುದು. ಬಿಳಿ ನೀಲಿಯತ್ತ ಸರಿದರೆ ಅದು ವಾಲುವಿಕೆ. ಅದನ್ನು ಕಣ್ಣು ಸ್ವಲ್ಪಮಟ್ಟಿಗೆ ಸರಿದೂಗಿಸಿಕೊಳ್ಳುತ್ತದೆ. ಕಪ್ಪಿನ ಮಟ್ಟ ತೀರ ಕೆಳಗಿಳಿದು ನೆರಳಿನಲ್ಲಿದ್ದ ವಿವರವೆಲ್ಲ ಒಂದೇ ಕಪ್ಪಾದರೆ, ಬಿಳಿ ಉಕ್ಕಿ ಮೋಡದ ಅಂಚೇ ಇಲ್ಲವಾದರೆ, ಅದು ಅಳಿಸುವಿಕೆ. ಪರದೆಯಿಂದ ಹೊರಬರದ ಬೆಳಕನ್ನು ಯಾವ ಅಭ್ಯಾಸವೂ ತಂದುಕೊಡಲಾರದು. ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು ಗುರುದತ್ತರ 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕಾಗಿ ಕನ್ನಡಿಯಿಂದ ಬಿಸಿಲನ್ನು ಸ್ಟುಡಿಯೋದ ಕತ್ತಲೊಳಗೆ ಹಾಯಿಸಿ ಒಂದು ಬೆಳಕಿನ ಕೋಲನ್ನು ಸೃಷ್ಟಿಸಿದರು. ಆ ದೃಶ್ಯದ ಜೀವವಿರುವುದು ಕೋಲಿನಲ್ಲಿ ಮಾತ್ರವಲ್ಲ, ಅದರ ಸುತ್ತ ಇಂಚಿಂಚಾಗಿ ಕತ್ತಲಿಗೆ ಇಳಿಯುವ ಬೂದಿನಲ್ಲಿ. ಕಪ್ಪುಬಿಳುಪಿನ ಚಿತ್ರಕ್ಕೆ ಬೂದಿನ ಮೆಟ್ಟಿಲುಗಳೇ ಭಾಷೆ. ಮೆಟ್ಟಿಲು ಮುರಿದ ಟಿ.ವಿ.ಯಲ್ಲಿ ಅದನ್ನು ನೋಡುವವರು ಕೆಲವು ಅಕ್ಷರಗಳು ಅಳಿಸಿದ ಪದ್ಯವನ್ನು ಓದುತ್ತಿರುತ್ತಾರೆ. ಅಳಿಸಿದೆ ಎಂಬುದೂ ಅವರಿಗೆ ತಿಳಿಯುವುದಿಲ್ಲ. ಅಂಥ ನಷ್ಟದ ಬಗ್ಗೆ ದೂರುವವರೇ ಇರುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳವಾದದ್ದು. ನಿಷ್ಠೆಯಿಂದ ಪಾಲಿಸಬೇಕಾದ ಮಾನವೇ ಪಕ್ಷಪಾತಿಯಾಗಿದ್ದರೆ? ಬಣ್ಣದ ಚಿತ್ರಗಳ ಇತಿಹಾಸದಲ್ಲಿ ಇದು ಬರಿಯ ಊಹೆಯಲ್ಲ. ಕಳೆದ ಶತಮಾನದ ಮಧ್ಯಭಾಗದಿಂದ ಫೋಟೋ ಲ್ಯಾಬುಗಳು ಬಣ್ಣ ಸರಿಯಾಗಿದೆಯೇ ಎಂದು ನೋಡಲು ಕೊಡಾಕ್ ಕಂಪನಿ ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ ಎಂಬ ಮಾದರಿಚಿತ್ರವನ್ನು ಬಳಸುತ್ತಿದ್ದವು. ಅದರಲ್ಲಿರುತ್ತಿದ್ದುದು ಬಿಳಿಯ ಹೆಂಗಸಿನ ಮುಖ. ಅವಳ ಕೆನ್ನೆ ಸರಿಯಾಗಿ ಮೂಡಿತೆಂದರೆ ಬಣ್ಣ ಸರಿ. ಕಪ್ಪು ಮೈಬಣ್ಣದವರು ಅದೇ ಚೌಕಟ್ಟಿನಲ್ಲಿ ಕಣ್ಣು, ಹಲ್ಲುಗಳಷ್ಟೇ ಕಾಣುವ ನೆರಳಾಗಿ ಉಳಿದುಬಿಡುತ್ತಿದ್ದರು. ಕಂದು ಛಾಯೆಗಳನ್ನು ಫಿಲ್ಮು ಚೆನ್ನಾಗಿ ಹಿಡಿಯಬೇಕೆಂಬ ಒತ್ತಡ ಮೊದಲು ಬಂದದ್ದು ಚಾಕೊಲೇಟು ಮತ್ತು ಮರದ ಪೀಠೋಪಕರಣಗಳ ಜಾಹೀರಾತುದಾರರಿಂದ ಎಂದು ಕೆನಡಾದ ಸಂಶೋಧಕಿ ಲೋರ್ನಾ ರಾಥ್ ದಾಖಲಿಸಿದ್ದಾರೆ. ಮನುಷ್ಯರ ಮುಖಕ್ಕೆ ಸಿಗದ ನ್ಯಾಯ ಮೇಜಿಗೆ ಮೊದಲು ಸಿಕ್ಕಿತು.

ಮೈಬಣ್ಣದ ಬಗ್ಗೆ ನಮಗೆ ಪಾಠ ಹೇಳಲು ಕೊಡಾಕ್ ಬೇಕಿಲ್ಲ. ವಧೂವರರ ಜಾಹೀರಾತು ಓದುವ ಯಾರಿಗಾದರೂ ಗೊತ್ತು. ಬಿಳಿ ನೀಲಿಯತ್ತ ಸರಿದಾಗ ನಮ್ಮ ಕಂದು ಮುಖಗಳ ಬೆಚ್ಚಗಿನ ಛಾಯೆ ತಣ್ಣಗಾಗುತ್ತದೆ, ಬೆಳಕು ಏರಿಸಿದಾಗ ಮುಖ ತೇಲುತ್ತದೆ. ಅರಿಶಿನ ಬಳಿದಂತೆ ಕಂಡ ಮುಖಗಳು ಬಹುಶಃ ನಮ್ಮ ಮುಖಗಳೇ ಆಗಿದ್ದವು, ಟಿ.ವಿ.ಯಲ್ಲಿ ಅವನ್ನು ಹಾಗೆ ಕಂಡು ರೂಢಿಯಿರಲಿಲ್ಲ, ಅಷ್ಟೆ. ಇಲ್ಲಿ ಕಸುಬಿನೊಳಗಿನ ಒಂದು ಸಂಗತಿ ಹೇಳಬೇಕು. ಬಣ್ಣ ತಿದ್ದುವವರು ವೆಕ್ಟರ್‌ಸ್ಕೋಪ್ ಎಂಬ ವೃತ್ತಾಕಾರದ ನಕ್ಷೆ ಬಳಸುತ್ತಾರೆ. ಅದರಲ್ಲಿ ಚರ್ಮದ ಬಣ್ಣಕ್ಕೆಂದು ಒಂದು ಗೆರೆಯಿದೆ. ಎಲ್ಲ ನಾಡಿನ ಮನುಷ್ಯರ ಚರ್ಮವೂ ಸರಿಸುಮಾರು ಆ ಒಂದೇ ಗೆರೆಯ ಆಸುಪಾಸಿನಲ್ಲಿ ಬೀಳುತ್ತದೆ. ನಮ್ಮ ನಡುವೆ ವ್ಯತ್ಯಾಸವಿರುವುದು ಹೆಚ್ಚಾಗಿ ಬೆಳಕಿನ ಪ್ರಮಾಣದಲ್ಲಿ, ಬಣ್ಣದ ಜಾತಿಯಲ್ಲಿ ಬಹಳ ಕಡಿಮೆ.

ಆದರೆ ಕ್ಯಾಲಿಬ್ರೇಶನ್ ನ್ಯಾಯ ಒದಗಿಸುತ್ತದೆ ಎಂದು ನಾನು ಹೇಳಲಾರೆ. ಧಾರಾವಾಹಿಯ ನಾಯಕಿಯ ಮುಖಕ್ಕೆ ಮೇಕಪ್ಪಿನವರು ಎರಡು ಪದರ ಬಿಳುಪು ಬಳಿದಿದ್ದರೆ ಸರಿಯಾದ ಟಿ.ವಿ. ಆ ಎರಡು ಪದರವನ್ನೂ ಪ್ರಾಮಾಣಿಕವಾಗಿ ತೋರಿಸುತ್ತದೆ. ಅದರ ನಿಷ್ಠೆ ಲೋಕಕ್ಕಲ್ಲ, ಮಾಡಿದವರಿಗೆ. ಹಾಗಾದರೆ ಅದರಿಂದ ಉಪಯೋಗವೇನು?

ಉತ್ತರ ನಮ್ಮ ಲಿಪಿಕಾರರಲ್ಲಿದೆ ಎಂದು ನನ್ನ ನಂಬಿಕೆ. ಅನೇಕ ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರ ಒಂದು ಅರಿಕೆ ಮಾಡಿಕೊಳ್ಳುತ್ತಾನೆ: ತಾನು ಮೂಲಪ್ರತಿಯಲ್ಲಿ ಹೇಗೆ ಕಂಡಿತೋ ಹಾಗೆ ಬರೆದಿದ್ದೇನೆ, ಅದು ಶುದ್ಧವಾಗಿರಲಿ ಅಶುದ್ಧವಾಗಿರಲಿ ದೋಷ ತನ್ನ ಮೇಲೆ ಹೊರಿಸಬೇಡಿ ಎಂದು. ಮೊದಮೊದಲು ನನಗೆ ಇದು ಜವಾಬ್ದಾರಿಯಿಂದ ಜಾರಿಕೊಳ್ಳುವ ಮಾತೆನ್ನಿಸುತ್ತಿತ್ತು. ಈಗ ಹಾಗೆನ್ನಿಸುವುದಿಲ್ಲ. ಪ್ರತಿಯೊಬ್ಬ ನಕಲುಗಾರನೂ ತನ್ನ ಕಣ್ಣಿಗೆ ಚೆಂದ ಕಂಡಂತೆ ತಿದ್ದುತ್ತ ಹೋದರೆ, ಹತ್ತನೆಯ ಪ್ರತಿಯಲ್ಲಿ ಕಂಡ ಒಂದು ಅನ್ಯಾಯದ ಮಾತು ಯಾರದೆಂದು ಹೇಳಲು ಬರುವುದಿಲ್ಲ. ಕವಿಯದೋ, ಮೂರನೆಯ ಲಿಪಿಕಾರನದೋ, ಏಳನೆಯವನದೋ? ಕಂಡಂತೆ ಬರೆದವನು ಗುಣವನ್ನೂ ದೋಷವನ್ನೂ ಅದರದರ ಮಾಲೀಕನ ಹೆಸರಿನಲ್ಲೇ ದಾಟಿಸುತ್ತಾನೆ. ಆಗ ಮೆಚ್ಚಬೇಕಾದವರನ್ನು ಮೆಚ್ಚಬಹುದು, ಪ್ರಶ್ನಿಸಬೇಕಾದವರನ್ನು ಪ್ರಶ್ನಿಸಬಹುದು. ಮುಖ ಬಿಳಿಚಿಕೊಂಡಿರುವುದು ಟಿ.ವಿ.ಯಿಂದಲೋ ಮೇಕಪ್ಪಿನಿಂದಲೋ ಎಂದು ತಿಳಿಯದವರು ಯಾರನ್ನು ಕೇಳಿಯಾರು? ಶರ್ಲಿ ಕಾರ್ಡಿನ ಪಕ್ಷಪಾತ ಬಯಲಾಗಲು ಸಾಧ್ಯವಾದದ್ದೂ ಅದು ಎಲ್ಲ ಲ್ಯಾಬುಗಳಿಗೂ ಒಂದೇ ಆಗಿದ್ದುದರಿಂದ, ಬೆರಳಿಟ್ಟು ತೋರಿಸಬಹುದಾದ ಒಂದು ಕಾರ್ಡು ಇದ್ದುದರಿಂದ. ಮಾನವೇ ಇಲ್ಲದಲ್ಲಿ ತಪ್ಪು ಎಲ್ಲರಲ್ಲೂ ಚದುರಿಹೋಗಿ ಯಾರದ್ದೂ ಆಗದೆ ಉಳಿಯುತ್ತದೆ.

ಇದರಿಂದ ಪ್ರತಿ ಮನೆಯಲ್ಲೂ ಒಬ್ಬ ತಜ್ಞ ಬಂದು ಅಳೆಯಬೇಕು ಎಂಬ ತೀರ್ಮಾನ ಹೊರಡುವುದಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಒಳಗೆ ಹೋಗುವ ಬೆಳಕು ತಗ್ಗುತ್ತದೆ. ಎಂಬತ್ತು ದಾಟಿದ ಅಜ್ಜಿಗೆ ಕತ್ತಲ ದೃಶ್ಯದಲ್ಲಿ ಯಾರಿದ್ದಾರೆಂದು ಕಾಣದಿದ್ದರೆ ಬೆಳಕು ಏರಿಸಿಕೊಡುವುದು ದ್ರೋಹವಲ್ಲ. ಆ ಹದಿನೇಳು ಜನರಲ್ಲಿ ಅವಳ ಕಣ್ಣು ಇರಲಿಲ್ಲ. ಪುಸ್ತಕವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುವುದು ಬೇರೆ, ಪದಗಳನ್ನು ಬದಲಿಸುವುದು ಬೇರೆ. ಮೊದಲನೆಯದು ಓದುಗರನ್ನು ಕೃತಿಯ ಹತ್ತಿರ ತರುತ್ತದೆ. ಎರಡನೆಯದು ಓದುಗರಿಗೆ ಅವರದೇ ರುಚಿಯನ್ನು ಕೃತಿಯ ಹೆಸರಿನಲ್ಲಿ ಬಡಿಸುತ್ತದೆ. ಹಾಗೆಯೇ ಎಲ್ಲ ತಿಳಿದೂ ವಿವಿಡ್ ಬಣ್ಣವೇ ಬೇಕೆನ್ನುವವರನ್ನು ತಡೆಯುವ ಹಕ್ಕು ನನಗಿಲ್ಲ. ಅವರಲ್ಲಿ ನನ್ನ ಕೋರಿಕೆ ಇಷ್ಟೇ, ಬೇಡವೆನ್ನುವ ಮೊದಲು ಅದು ಏನೆಂದು ನೋಡಿರಿ. ಕಂಪನಿ ಆರಿಸಿಟ್ಟದ್ದನ್ನು ತಮ್ಮ ಆಯ್ಕೆ ಎಂದುಕೊಳ್ಳುವುದಕ್ಕೂ ಎರಡನ್ನೂ ನೋಡಿ ಒಂದನ್ನು ಆರಿಸುವುದಕ್ಕೂ ವ್ಯತ್ಯಾಸವಿದೆ.

ತಂತ್ರಜ್ಞರು ಹೇಳಿದ ಹದಿನೈದು ದಿನದ ಮಾತಿನಲ್ಲಿ ನನಗೆ ನೀತಿಯೊಂದು ಕಾಣುತ್ತದೆ. ಪ್ರಾಮಾಣ್ಯವು ಸ್ವತಃ ಬರುತ್ತದೆಯೋ ಪರತಃ ಬರುತ್ತದೆಯೋ ಎಂಬ ಜಗಳವನ್ನು ಬಗೆಹರಿಸುವ ಶಕ್ತಿ ನನಗಿಲ್ಲ. ಆದರೆ ನನ್ನ ಕಸಿವಿಸಿಯೊಂದನ್ನೇ ಪ್ರಮಾಣವೆಂದು ಮುಂದಿಡಲು ನೈಯಾಯಿಕರು ಬಿಡುವುದಿಲ್ಲ ಎಂಬುದು ಖಚಿತ. ಹೊಸದೊಂದು ಪಾಠ, ಬೇರೊಂದು ಊರಿನ ಕನ್ನಡ, ನಾವು ಕೇಳಿ ರೂಢಿಯಿಲ್ಲದ ಜನರ ಆತ್ಮಕಥೆ, ಇವೆಲ್ಲ ಮೊದಲ ದಿನ ಮಂಕಾಗಿ, ಹಳದಿಯಾಗಿ, ಎಲ್ಲೋ ತಪ್ಪಾಗಿ ಕಾಣುತ್ತವೆ. ದಲಿತ ಬರವಣಿಗೆ ಮೊದಲು ಬಂದಾಗ ಅದು ಸಾಹಿತ್ಯವೇ ಎಂದು ಕೇಳಿದ ಕಣ್ಣುಗಳೂ ಯಾವುದೋ ಬಿಳುಪಿಗೆ ಒಗ್ಗಿದ ಕಣ್ಣುಗಳೇ. ತಪ್ಪಾಗಿ ಕಂಡದ್ದು ನಿಜವಾಗಿಯೂ ತಪ್ಪೇ ಆಗಿರಬಹುದು. ಅದನ್ನು ಹೇಳುವ ಸ್ವಾತಂತ್ರ್ಯ ನಮ್ಮದು, ರಿಮೋಟೂ ನಮ್ಮ ಕೈಯಲ್ಲೇ ಇದೆ. ಒಂದಿಷ್ಟು ದಿನ ಅದನ್ನು ಒತ್ತದೆ ಕೂರುವುದಷ್ಟೇ ಕಷ್ಟದ ಕೆಲಸ.